ಕಫದ ವರದಿ ಬರುವ ಮುನ್ನ

ನ್ಯುಮೋನಿಯಾ ಜೋರಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಿಗೆ ಕೆಲವೇ ಗಂಟೆಗಳಲ್ಲಿ ಆಂಟಿಬಯಾಟಿಕ್ ಶುರುವಾಗಬೇಕು. ಒಳಗಿರುವ ರೋಗಾಣು ಯಾವುದೆಂದು ಹೇಳುವ ಕಫದ ಕಲ್ಚರ್ ವರದಿಗೆ ಎರಡು ದಿನವಾದರೂ ಬೇಕು. ಅಲ್ಲಿಯತನಕ ವೈದ್ಯರದು ಅಂದಾಜು. ಸಾಧಾರಣ ಮದ್ದಿಗೆ ಜಗ್ಗದ ರೋಗಾಣುವಾಗಿದ್ದರೆ ಜೀವಕ್ಕೇ ಅಪಾಯ. ಹಾಗೆಂದು ಬಂದವರಿಗೆಲ್ಲ ವ್ಯಾಂಕೊಮೈಸಿನ್‌ನಂಥ ಪ್ರಬಲ ಔಷಧ ಏರಿಸಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಮುಂದೆ ಆ ಔಷಧಕ್ಕೂ ಬಗ್ಗದ ರೋಗಾಣುಗಳು ಹುಟ್ಟಿಕೊಳ್ಳುತ್ತವೆ.

ಅಮೆರಿಕದ ಯೂಟಾದಲ್ಲಿ ಇಂಟರ್‌ಮೌಂಟೇನ್ ಆಸ್ಪತ್ರೆಗಳ ಶ್ವಾಸಕೋಶ ತಜ್ಞ ನೇಥನ್ ಡೀನ್ ಮತ್ತು ಸಂಗಡಿಗರು ಈ ಅಂದಾಜಿಗೆ ಆಸರೆಯಾಗಿ ‘ಇ-ಪಿಎನ್‌ಎ’ ಎಂಬ ತಂತ್ರಾಂಶ ರೂಪಿಸಿದರು. ವಯಸ್ಸು, ಜ್ವರ, ಉಸಿರಾಟದ ವೇಗ, ರಕ್ತದ ಆಮ್ಲಜನಕ ಹೀಗೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಚದುರಿ ಬಿದ್ದಿರುವುದನ್ನೆಲ್ಲ ಅದು ತಾನೇ ಹೆಕ್ಕುತ್ತದೆ. ಎಕ್ಸ್‌ರೇ ವರದಿಯಲ್ಲಿ ಬರೆದ ವಾಕ್ಯಗಳನ್ನೂ ಓದುತ್ತದೆ. ಕಾಯಿಲೆ ಎಷ್ಟು ತೀವ್ರ, ರೋಗಿಯನ್ನು ಮನೆಗೆ ಕಳಿಸಬಹುದೇ, ಯಾವ ಮದ್ದು ಸೂಕ್ತ ಎಂದು ಸೂಚಿಸುತ್ತದೆ.

ನನಗೆ ಬಹಳ ಹಿಡಿಸಿದ್ದು ಅದರೊಳಗಿನ ಒಂದು ಪುಟ್ಟ ಲೆಕ್ಕ. ಕಳೆದ 60 ದಿನಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ 2 ಅಂಕ. ವೃದ್ಧರ ಆರೈಕೆ ಕೇಂದ್ರದಲ್ಲಿದ್ದರೆ 2. ಹಳೆಯ ಶ್ವಾಸಕೋಶದ ಕಾಯಿಲೆಗೆ 1, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದರೂ 1. ಮೊತ್ತ 4 ಮುಟ್ಟಿದರೆ ಮದ್ದಿಗೆ ಬಗ್ಗದ ರೋಗಾಣುವಿನ ಶಂಕೆ ಬಲವಾಗುತ್ತದೆ. ಇಬ್ಬರು ಅಜ್ಜಿಯರು ಒಂದೇ ಥರ ಕೆಮ್ಮುತ್ತ ಬಂದರೆನ್ನಿ. ಮನೆಯಲ್ಲೇ ಇದ್ದು ಆಮ್ಲದ ಮಾತ್ರೆಯನ್ನಷ್ಟೇ ನುಂಗುವ ಅಜ್ಜಿಗೆ 1. ಆರೈಕೆ ಕೇಂದ್ರದಲ್ಲಿದ್ದು ಹೋದ ತಿಂಗಳು ಆಂಟಿಬಯಾಟಿಕ್ ನುಂಗಿದ್ದ ಅಜ್ಜಿಗೆ 4. ಕೆಮ್ಮು ಒಂದೇ, ಮದ್ದು ಬೇರೆ. ವೈದ್ಯರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ನಡುರಾತ್ರಿ, ಮಂಚಗಳೆಲ್ಲ ತುಂಬಿರುವಾಗ, ಇಷ್ಟನ್ನೂ ಕೇಳಿ ಕೂಡಿಸಲು ಪುರುಸೊತ್ತೆಲ್ಲಿ?

2017ರ ಡಿಸೆಂಬರ್‌ನಿಂದ ಸುಮಾರು ಒಂದು ವರ್ಷದಲ್ಲಿ ಇಂಟರ್‌ಮೌಂಟೇನ್‌ನ 16 ಆಸ್ಪತ್ರೆಗಳು ಈ ತಂತ್ರಾಂಶವನ್ನು ಹಂತಹಂತವಾಗಿ ಅಳವಡಿಸಿಕೊಂಡವು. ನ್ಯುಮೋನಿಯಾ ರೋಗಿಗಳಲ್ಲಿ 30 ದಿನಗಳೊಳಗಿನ ಸಾವು ಶೇ 8.6ರಿಂದ 4.8ಕ್ಕೆ ಇಳಿಯಿತು. ತುರ್ತು ವಿಭಾಗದಿಂದಲೇ ಮನೆಗೆ ಮರಳಿದವರು ಶೇ 29ರಿಂದ 47ಕ್ಕೆ ಏರಿದರು. ಸೂಚನೆಯನ್ನು ಒಪ್ಪುವುದು, ಬಿಡುವುದು ವೈದ್ಯರ ಕೈಯಲ್ಲೇ ಇತ್ತು. ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಅವರು ಇದನ್ನು ಬಳಸಿದರು.

ಈ ತಂತ್ರಾಂಶ ನಿಂತಿರುವುದು ದಾಖಲೆಯ ಮೇಲೆ. ನಮ್ಮೂರುಗಳಲ್ಲಿ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ನುಂಗಿದ ನಾಲ್ಕು ಮಾತ್ರೆ ಯಾವ ಕಂಪ್ಯೂಟರಿನಲ್ಲೂ ಇರುವುದಿಲ್ಲ. ಆ 2 ಅಂಕವನ್ನು ಇಲ್ಲಿ ಮಂಚದ ಪಕ್ಕ ನಿಂತ ಮಗಳೋ ಸೊಸೆಯೋ ಬಾಯಿಬಿಟ್ಟು ಹೇಳಬೇಕು.