ಲ್ಯಾಪ್‌ಟಾಪ್‌ನ ಉಷ್ಣತೆ: ಫ್ಯಾನ್ ತಂತ್ರಾಂಶ, ಕೂಲಿಂಗ್ ಸ್ಟ್ಯಾಂಡ್ ಮತ್ತು ಧೂಳು

ಮಂಡಿ, ಅಂಗಡಿ ಹಾಗೂ ಸಣ್ಣ ಕೈಗಾರಿಕೆಗಳ ಲೆಕ್ಕಪತ್ರಗಳೆಲ್ಲವೂ ಇಂದು ಬಹುಮಟ್ಟಿಗೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಅಡಕವಾಗಿರುತ್ತವೆ. ಜಿ.ಎಸ್.ಟಿ.ಆರ್.-3ಬಿ ನಮೂನೆಯನ್ನು ಪ್ರತಿ ತಿಂಗಳು ಸಲ್ಲಿಸುವ ವರ್ತಕರಿಗೆ 20ನೇ ತಾರೀಖು ಕಡೆಯ ದಿನ. ಅಂದೇ ಮಧ್ಯಾಹ್ನ ಯಂತ್ರವು ನಿಧಾನಗೊಂಡು, ಬಳಿಕ ತಾನಾಗಿಯೇ ಸ್ಥಗಿತಗೊಂಡರೆ, ವಿಳಂಬ ಶುಲ್ಕದ ಜೊತೆಗೆ ಲೆಕ್ಕದ ಕಡತವೇ ಕೆಡುವ ಸಂಭವವುಂಟು. ವೈರಸ್ ತಗುಲಿತೆಂದೋ, ಯಂತ್ರ ಹಳೆಯದಾಯಿತೆಂದೋ ಭಾವಿಸುವುದು ವಾಡಿಕೆ. ಆದರೆ ಅನೇಕ ವೇಳೆ ಇದಕ್ಕೆ ಅತಿಯಾದ ಉಷ್ಣತೆಯೇ ಕಾರಣವಾಗಿರುತ್ತದೆ.

ಪ್ರೊಸೆಸರ್ ತನ್ನ ಗರಿಷ್ಠ ಮಿತಿಯನ್ನು, ಅಂದರೆ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸನ್ನು ಮುಟ್ಟಿದಾಗ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗಲೂ ಶಾಖ ಇಳಿಯದಿದ್ದಲ್ಲಿ ರಕ್ಷಣೆಗಾಗಿ ಯಂತ್ರವು ನಿಂತುಹೋಗುತ್ತದೆ. ಈ ಶಾಖವನ್ನು ತಾಮ್ರದ ಕೊಳವೆಯು ಒತ್ತೊತ್ತಾಗಿ ಜೋಡಿಸಿದ ತೆಳುವಾದ ಲೋಹದ ಪಟ್ಟಿಗಳಿಗೆ ಸಾಗಿಸುತ್ತದೆ. ಫ್ಯಾನ್ ಅವುಗಳ ಸಂದಿನ ಮೂಲಕ ಗಾಳಿಯನ್ನು ಹೊರದೂಡುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಂಡಿ, ಗಂಗಾವತಿಯ ಅಕ್ಕಿ ಗಿರಣಿ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಷೆಡ್ಡು ಮೊದಲಾದೆಡೆ ಗಾಳಿಯಲ್ಲಿ ತೇಲುವ ಧೂಳು, ತೌಡು, ನೂಲಿನ ಎಳೆಗಳು ಈ ಸಂದುಗಳಲ್ಲಿ ಕಂಬಳಿಯಂತೆ ಹೆಪ್ಪುಗಟ್ಟುತ್ತವೆ. ಮಂಡಿಯ ಗಾದಿಯ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ಬರೆಯುವ ಪದ್ಧತಿಯಿಂದ ತಳಭಾಗದ ಗಾಳಿಕಂಡಿಗಳೂ ಮುಚ್ಚಿಹೋಗುತ್ತವೆ.

ಫ್ಯಾನ್ ನಿಯಂತ್ರಣ ತಂತ್ರಾಂಶವು ಮಾಡುವ ಕೆಲಸ ಇಷ್ಟೇ: ಫ್ಯಾನ್ ಯಾವ ಉಷ್ಣತೆಯಲ್ಲಿ ಎಷ್ಟು ವೇಗದಿಂದ ತಿರುಗಬೇಕೆಂಬುದನ್ನು ಬದಲಿಸುವುದು. ಗಾಳಿಯ ದಾರಿಯೇ ಕಟ್ಟಿಕೊಂಡಿದ್ದರೆ ಸದ್ದು ಹೆಚ್ಚೀತೇ ಹೊರತು ಶಾಖ ತಗ್ಗದು. ಮೇಲಾಗಿ ಇಂತಹ ತಂತ್ರಾಂಶಗಳು ಎಲ್ಲ ಮಾದರಿಗಳಿಗೂ ಹೊಂದುವುದಿಲ್ಲ. ಸ್ಪೀಡ್‌ಫ್ಯಾನ್ ಒಂದು ಕಾಲದಲ್ಲಿ ಹೆಸರಾಗಿತ್ತು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಫ್ಯಾನೇ ಕಾಣಿಸುವುದಿಲ್ಲ. ತಯಾರಕರೇ ಒದಗಿಸಿರುವ ತಂತ್ರಾಂಶದಲ್ಲಿ ಸೌಲಭ್ಯವಿದ್ದರೆ ಅದನ್ನೇ ಬಳಸುವುದು ಕ್ಷೇಮ. ಫ್ಯಾನ್‌ನ ವೇಗವನ್ನು ಸದ್ದಿಗೆ ಬೇಸತ್ತು ತಗ್ಗಿಸುವುದಂತೂ ಸಲ್ಲದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು ಶೇ. 100ರಿಂದ 99ಕ್ಕೆ ಇಳಿಸಿದರೆ ಬಹಳಷ್ಟು ಯಂತ್ರಗಳಲ್ಲಿ ಟರ್ಬೊ ವೇಗ ನಿಂತು ಶಾಖ ಇಳಿಯುತ್ತದೆ. ಲೆಕ್ಕ ಬರೆಯುವ ಕೆಲಸಕ್ಕೆ ಇದರಿಂದ ಹೇಳಿಕೊಳ್ಳುವಂತಹ ಅಡಚಣೆಯಾಗದು. ಖರ್ಚೂ ಇಲ್ಲ.

ಕೂಲಿಂಗ್ ಸ್ಟ್ಯಾಂಡ್‌ನ ವಿಷಯದಲ್ಲಿ, ಕೊಳ್ಳುವ ಮುನ್ನ ಲ್ಯಾಪ್‌ಟಾಪನ್ನು ಮಗುಚಿ ನೋಡತಕ್ಕದ್ದು. ಗಾಳಿ ಒಳಸೇರುವ ಕಂಡಿಗಳು ತಳದಲ್ಲಿದ್ದು, ಸ್ಟ್ಯಾಂಡ್‌ನ ಫ್ಯಾನ್ ಅವುಗಳ ನೇರಕ್ಕೆ ಬಂದರೆ ಮಾತ್ರ ಪ್ರಯೋಜನ ಹೆಚ್ಚು. ಯು.ಎಸ್.ಬಿ. 2.0 ಪೋರ್ಟಿನಿಂದ ದೊರೆಯುವ ವಿದ್ಯುತ್ ಸಾಮಾನ್ಯವಾಗಿ ಎರಡೂವರೆ ವಾಟ್ ಮಾತ್ರ. ಐದಾರು ಫ್ಯಾನ್‌ಗಳ ದುಬಾರಿ ಸ್ಟ್ಯಾಂಡ್ ಕೊಂಡರೂ ಇದೇ ವಿದ್ಯುತ್ ಅವೆಲ್ಲಕ್ಕೂ ಹಂಚಿಹೋಗುತ್ತದೆ. ಹಿಂಬದಿಯನ್ನು ಎರಡಂಗುಲ ಎತ್ತರಿಸುವ ಸಾದಾ ಲೋಹದ ಸ್ಟ್ಯಾಂಡ್ ಅನೇಕರಿಗೆ ಸಾಕು. ಯಾವ ಸ್ಟ್ಯಾಂಡೂ ಕೋಣೆಯ ಗಾಳಿಗಿಂತ ತಣ್ಣನೆಯ ಗಾಳಿಯನ್ನು ಕೊಡಲಾರದು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ 40 ಡಿಗ್ರಿ ದಾಟುವಾಗ ಇದು ನೆನಪಿನಲ್ಲಿರಲಿ. ಅನೇಕ ತಯಾರಕರು ಸೂಚಿಸುವ ಗರಿಷ್ಠ ಕೊಠಡಿ ಉಷ್ಣತೆ 35 ಡಿಗ್ರಿ.

ಆದುದರಿಂದ ಮೊದಲು ಶುಚಿಗೊಳಿಸುವಿಕೆ, ಅನಂತರ ಉಳಿದದ್ದು. ಧೂಳಿನ ಘಟಕಗಳಲ್ಲಿ ಆರು ತಿಂಗಳಿಗೊಮ್ಮೆಯಾದರೂ ನುರಿತ ತಂತ್ರಜ್ಞರಿಂದ ಫ್ಯಾನ್ ಮತ್ತು ಪಟ್ಟಿಗಳನ್ನು ಬಿಡಿಸಿ ಶುಚಿಗೊಳಿಸಿ, ಒಣಗಿದ ಥರ್ಮಲ್ ಪೇಸ್ಟನ್ನು ಬದಲಿಸುವುದು ಒಳಿತು. ಕಾರ್ಖಾನೆಯಲ್ಲಿ ಕಂಪ್ರೆಸರ್ ಇದೆಯೆಂದು ಅದರ ಗಾಳಿಯನ್ನು ನೇರವಾಗಿ ಹಾಯಿಸಬಾರದು: ಅದರಲ್ಲಿ ನೀರು, ಎಣ್ಣೆಯ ಅಂಶವಿರುತ್ತದೆ, ಅಲ್ಲದೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಸತತ ಶಾಖದಿಂದ ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ತಳಭಾಗ ಉಬ್ಬಿದಂತೆ ಕಂಡರೆ ಚಾರ್ಜರ್ ಕಳಚಿ, ಬಳಕೆ ನಿಲ್ಲಿಸಿ, ಆ ದಿನವೇ ಸೇವಾ ಕೇಂದ್ರಕ್ಕೆ ಒಯ್ಯತಕ್ಕದ್ದು.