‘ತಾನಾಗಿಯೇ’ ಎಂದರೆ ‘ತಕ್ಷಣ’ ಎಂದಲ್ಲ

ಥರ್ಮೊಡೈನಮಿಕ್ಸ್ ಎಂದರೆ ಸಾಕು, ಪಿಯುಸಿ ಮಕ್ಕಳ ಮುಖ ಬಾಡುತ್ತದೆ. ಎಂ.ಎಸ್ಸಿ. ಮುಗಿಸಿ ಕೆ–ಸೆಟ್‌ಗೆ ಓದಿಕೊಳ್ಳುತ್ತಾ ಸಂಜೆ ಟ್ಯೂಷನ್ ಹೇಳುವ ನಾನು ಇದನ್ನು ಪ್ರತಿವರ್ಷ ನೋಡುತ್ತೇನೆ. ‘ಡೆಲ್ಟಾ ಜಿ ಋಣವಾದರೆ ಕ್ರಿಯೆ ತಾನಾಗಿಯೇ ನಡೆಯುತ್ತದೆ’ ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಹಾಗೆಂದರೇನು ಎಂದರೆ ಮಾತ್ರ ಮೌನ. ಅದಕ್ಕೇ ನಾನು ಸುಣ್ಣದ ಗೂಡಿನಿಂದ ಪಾಠ ಶುರುಮಾಡುತ್ತೇನೆ.

ಸುಣ್ಣದ ಕಲ್ಲು ಒಡೆದು ಸುಟ್ಟ ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡ್ ಆಗಲು ಮೋಲ್‌ಗೆ ಸುಮಾರು 178 ಕಿಲೊಜೌಲ್ ಶಾಖ ಬೇಕು. ಇದು ಎಂಥಾಲ್ಪಿ, ಅಂದರೆ ಖರ್ಚು. ಕಲ್ಲಿನಲ್ಲಿ ಸೆರೆಯಾಗಿದ್ದದ್ದು ಅನಿಲವಾಗಿ ಹರಡುವುದರಿಂದ ಎಂಟ್ರೊಪಿ ಕೆಲ್ವಿನ್‌ಗೆ ಸುಮಾರು 160 ಜೌಲ್ ಹೆಚ್ಚುತ್ತದೆ. ಇದನ್ನು ತಾಪಮಾನದಿಂದ ಗುಣಿಸಿದರೆ ಲಾಭ. ಖರ್ಚಿನಲ್ಲಿ ಲಾಭ ಕಳೆದರೆ ಸಿಗುವುದೇ ಡೆಲ್ಟಾ ಜಿ. 1870ರ ದಶಕದಲ್ಲಿ ಅಮೆರಿಕದ ವಿಲ್ಲರ್ಡ್ ಗಿಬ್ಸ್ ಕೊಟ್ಟ ಲೆಕ್ಕವಿದು.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 298 ಕೆಲ್ವಿನ್‌ನಲ್ಲಿ, ಲಾಭ ಬರೀ 48 ಕಿಲೊಜೌಲ್. ಡೆಲ್ಟಾ ಜಿ +130. ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಲಾಭ–ಖರ್ಚು ಸಮವಾಗುವುದು ಎಲ್ಲಿ? 178ನ್ನು 0.160ರಿಂದ ಭಾಗಿಸಿ: ಸುಮಾರು 1,110 ಕೆಲ್ವಿನ್, ಅಂದರೆ 840 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದನ್ನು ದಾಟಿದರೆ ಡೆಲ್ಟಾ ಜಿ ಋಣ. ಗೂಡಿಗೆ ಅಷ್ಟೊಂದು ಉರಿ ಏಕೆ ಬೇಕೆಂಬುದಕ್ಕೆ ಎರಡೇ ಅಂಕಿಗಳಲ್ಲಿ ಉತ್ತರ! ಅದೇ ಸುಟ್ಟ ಸುಣ್ಣಕ್ಕೆ ನೀರು ಹಾಕಿ ನೋಡಿ, ಉರಿಯ ಹಂಗಿಲ್ಲದೆ ಕುದಿಯುತ್ತಾ ಅರಳುತ್ತದೆ. ಅಲ್ಲಿ ಡೆಲ್ಟಾ ಜಿ ಮೊದಲೇ ಋಣ.

ಒಮ್ಮೆ ಹುಡುಗಿಯೊಬ್ಬಳು ಕೇಳಿದಳು: ‘ಮಿಸ್, ವಜ್ರ ಗ್ರಾಫೈಟ್ ಆಗೋದಕ್ಕೂ ಡೆಲ್ಟಾ ಜಿ ನೆಗೆಟಿವ್ ಅಂತಿದೆ. ಮತ್ತೆ ಉಂಗುರದ ವಜ್ರ ಯಾಕೆ ಹಾಗೇ ಇರುತ್ತೆ?’

ಆ ದಿನ ಪಾಠ ಸಾರ್ಥಕವಾಯಿತು ಎನಿಸಿತು. ಲೆಕ್ಕ ನಿಜ, ಮೋಲ್‌ಗೆ ಸುಮಾರು –2.9 ಕಿಲೊಜೌಲ್. ಆದರೆ ಇಂಗಾಲದ ಗಟ್ಟಿ ಬಂಧಗಳು ಮುರಿದು ಹೊಸದಾಗಿ ಕೂಡಿಕೊಳ್ಳಲು ಹತ್ತಬೇಕಾದ ಶಕ್ತಿಯ ದಿಬ್ಬ ಬಹಳ ಎತ್ತರ. ಡೆಲ್ಟಾ ಜಿ ಹೇಳುವುದು ಹೊರಟ ಜಾಗಕ್ಕಿಂತ ಸೇರುವ ಜಾಗ ತಗ್ಗಿನಲ್ಲಿದೆಯೇ ಎಂದಷ್ಟೇ. ನಡುವಿನ ದಿಬ್ಬದ ಮಾತು ಅದರಲ್ಲಿಲ್ಲ. ಅದು ಕೈನೆಟಿಕ್ಸ್ ಪಾಠಕ್ಕೆ ಸೇರಿದ್ದು.

ಸಿಇಟಿ, ನೀಟ್, ಸೆಟ್ ಎಂದು ಓದುತ್ತಿರುವ ಗೆಳೆಯರೇ, ಯಾವುದೇ ಕ್ರಿಯೆ ಎದುರಾದರೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಇದು ಆಗಬಲ್ಲದೇ? ಆಗುವುದಾದರೆ ಎಷ್ಟು ಬೇಗ? ಒಂದರ ಉತ್ತರವನ್ನು ಇನ್ನೊಂದಕ್ಕೆ ಬರೆಯದಿದ್ದರೆ ಈ ಪಾಠದ ಅರ್ಧ ಭಯ ಹೋದಂತೆಯೇ.