ಡೈರಿಗೆ ಬೀಗ, ಗೆಳೆಯರಿಗೆ ಕೀಲಿಕೈ

ವೈಟ್‌ಫೀಲ್ಡಿನಲ್ಲಿ ಮೂರನೇ ಸುತ್ತಿನ ಸಂದರ್ಶನ ಮುಗಿಸಿ, ‘ತಿಳಿಸ್ತೀವಿ’ ಅನ್ನುವ ಒಂದೇ ಮಾತು ಹೊತ್ತುಕೊಂಡು ಬಂದವರಿಗೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತದೆ. ಮನೆಯಲ್ಲಿ ಹೇಳಿದರೆ ಅವರಿಗೂ ಚಿಂತೆ. ಲಿಂಕ್ಡ್‌ಇನ್‌ನಲ್ಲಿ ಹೇಳುವ ಹಾಗೇ ಇಲ್ಲ, ಅಲ್ಲಿ ಎಲ್ಲರೂ ಸದಾ ಹುರುಪಿನಲ್ಲೇ ಇರುತ್ತಾರೆ. ಲೈವ್‌ಜರ್ನಲ್, ಡ್ರೀಮ್‌ವಿಡ್ತ್ ಥರದ ಆನ್‌ಲೈನ್ ಡೈರಿಗಳಲ್ಲಿ ಬಳಗ ಇದ್ದವರು ಅಲ್ಲಿ ಬರೆದು ಹಗುರಾಗುತ್ತಾರೆ. ಆದರೆ ಬೀಗ ಹಾಕದೆ ಬರೆದರೆ ಸಿಗಬೇಕಾದ ಕೆಲಸವೂ ತಪ್ಪಬಹುದು.

ಇದು ಬರೀ ಹೆದರಿಕೆಯಲ್ಲ. ಅಮೆರಿಕದ ಹೆದರ್ ಆರ್ಮ್‌ಸ್ಟ್ರಾಂಗ್ ‘ಡೂಸ್’ ಎಂಬ ತಮ್ಮ ಬ್ಲಾಗಿನಲ್ಲಿ ಕಚೇರಿಯವರ ಬಗ್ಗೆ ಬರೆದು 2002ರಲ್ಲಿ ಕೆಲಸ ಕಳೆದುಕೊಂಡರು. ಬರೆದ ತಪ್ಪಿಗೆ ಕೆಲಸ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಆ ಬ್ಲಾಗಿನ ಹೆಸರೇ ಕ್ರಿಯಾಪದವಾಗಿಬಿಟ್ಟಿತು.

ಹಾಗಂತ ಬರೆಯುವುದನ್ನೇ ಬಿಡಬೇಕಾಗಿಲ್ಲ. ಕೆಲಸ ಕಳೆದುಕೊಂಡ 63 ವೃತ್ತಿಪರರ ಮೇಲೆ ಜೇಮ್ಸ್ ಪೆನ್ನಿಬೇಕರ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಕೆಲಸ ಹೋದ ನೋವನ್ನು ಐದು ದಿನ, ದಿನಕ್ಕೆ 20 ನಿಮಿಷದಂತೆ ಬರೆದವರು ಉಳಿದವರಿಗಿಂತ ಬೇಗ ಕೆಲಸ ಹಿಡಿದರು. ಅವರೇನೂ ಹೆಚ್ಚು ಸಂದರ್ಶನಗಳಿಗೆ ಹೋಗಿರಲಿಲ್ಲ. ಹಳೆಯ ಕಂಪನಿಯ ಮೇಲಿನ ಸಿಟ್ಟು ಕಾಗದದ ಮೇಲೆ ಇಳಿದಿದ್ದರಿಂದ ಸಂದರ್ಶನದಲ್ಲಿ ಅದು ಬಾಯಿಗೆ ಬರಲಿಲ್ಲವೇನೋ. ಅವರು ಬರೆದದ್ದು ಊರೆಲ್ಲ ಓದಲಿ ಅಂತ ಅಲ್ಲ ಅನ್ನುವುದು ಮಾತ್ರ ನೆನಪಿರಲಿ.

ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ 1999ರಲ್ಲಿ ಶುರುಮಾಡಿದ ಲೈವ್‌ಜರ್ನಲ್‌ನ ಜಾಣತನ ಇರುವುದೇ ಬೀಗದಲ್ಲಿ. ಖಾತೆಗೆ ಒಂದೇ ಬೀಗ ಅಲ್ಲ, ಪ್ರತಿ ಬರಹಕ್ಕೂ ಬೇರೆ ಬೇರೆ: ಎಲ್ಲರಿಗೂ, ಗೆಳೆಯರಿಗೆ ಮಾತ್ರ, ನನಗೊಬ್ಬನಿಗೇ. ಆದರೆ ಅಲ್ಲಿ ಒಬ್ಬರನ್ನು ಗೆಳೆಯರ ಪಟ್ಟಿಗೆ ಸೇರಿಸಿದರೆ ಅವರ ಬರಹ ನಮಗೆ ಬರುತ್ತದೆ, ನಮ್ಮ ಬೀಗದ ಬರಹವೂ ಅವರಿಗೆ ತೆರೆಯುತ್ತದೆ. ಅಲ್ಲಿದ್ದವರೇ ಹೊರಬಂದು 2009ರಲ್ಲಿ ಕಟ್ಟಿದ ಡ್ರೀಮ್‌ವಿಡ್ತ್ ಈ ಗಂಟನ್ನು ಬಿಚ್ಚಿತು. ಓದುವುದಕ್ಕೆ ಚಂದಾ ಬೇರೆ, ಕೀಲಿಕೈ ಕೊಡುವುದು ಬೇರೆ.

ಕೆಲಸ ಹುಡುಕುವವರಿಗೆ ಅಷ್ಟೂ ಸಾಲದು. ಕೀಲಿ ಕೊಟ್ಟವರೊಳಗೇ ನಾಲ್ಕೈದು ಜನರ ಇನ್ನೊಂದು ಸಣ್ಣ ಪಟ್ಟಿ ಮಾಡಿ, ಸಂದರ್ಶನ, ಸಂಬಳ, ನೋಟಿಸ್ ಪೀರಿಯಡ್ ಕುರಿತದ್ದೆಲ್ಲ ಅವರಿಗೆ ಮಾತ್ರ ಕಾಣುವಂತೆ ಹಾಕಿ. ಆ ಪಟ್ಟಿಯಲ್ಲಿ ಹಳೆಯ ಸಹೋದ್ಯೋಗಿ ಬೇಡ, ಎಷ್ಟೇ ಒಳ್ಳೆಯವರಾದರೂ. ಸೆಟ್ಟಿಂಗ್‌ನಲ್ಲಿ ಡಿಫಾಲ್ಟ್ ಬೀಗ ಬದಲಿಸಿದರೆ ಮುಂದಿನ ಬರಹಗಳಿಗಷ್ಟೇ ಅನ್ವಯ. ಹಳೆಯವು ತೆರೆದೇ ಇರುತ್ತವೆ, ಅವಕ್ಕೆ ಬೇರೆಯಾಗಿ ಬೀಗ ಹಾಕಬೇಕು. ವೆಬ್ ಪುಟಗಳ ಪ್ರತಿ ಕೂಡಿಡುವ ವೇಬ್ಯಾಕ್ ಮಷೀನ್ ಆಗಲೇ ಪ್ರತಿ ತೆಗೆದಿಟ್ಟುಕೊಂಡಿದ್ದರೆ ಈಗಿನ ಬೀಗ ಆ ಪ್ರತಿಯನ್ನು ಮುಚ್ಚುವುದಿಲ್ಲ. ಹಲವರು ಸೇರಿ ಬರೆಯುವ ಸಮುದಾಯಗಳಲ್ಲೂ ಒಂದು ಮೋಸವಿದೆ. ‘ಸದಸ್ಯರಿಗೆ ಮಾತ್ರ’ ಅಂತ ಇದ್ದರೂ, ಯಾರು ಬೇಕಾದರೂ ಸೇರಬಹುದಾದ ಗುಂಪಾದರೆ ಎಚ್‌ಆರ್‌ನವರೂ ಸದಸ್ಯರೇ.

ಸಮಯದ ವಿಷಯಕ್ಕೆ ಬಂದರೆ ಈ ಡೈರಿಗಳು ಇನ್‌ಸ್ಟಾಗ್ರಾಮ್‌ನಷ್ಟು ಕಾಡುವುದಿಲ್ಲ. ಡ್ರೀಮ್‌ವಿಡ್ತ್‌ನ ಓದುವ ಪುಟದಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ, ಅಷ್ಟೇ. ನಿನ್ನೆ ಓದಿದ ಬರಹ ಸಿಕ್ಕಿತೆಂದರೆ ಇವತ್ತಿನ ಓದು ಮುಗಿಯಿತು. ಇಲ್ಲಿಯೂ ಫಿಲ್ಟರ್ ಮಾಡಿಕೊಳ್ಳಬಹುದು: ಬಿಟ್ಟಿರಲಾಗದ ಏಳೆಂಟು ಜನ ದಿನಾ, ಉಳಿದವರು ಭಾನುವಾರ. ಅರ್ಜಿ ಹಾಕುವ ಕೆಲಸವೆಲ್ಲ ಮುಗಿದ ಮೇಲೆ ಸಂಜೆ ಕೂತರೆ ಸಾಕು. ‘ಒಂದು ತಿಂಗಳು ಕಮೆಂಟ್ ಕಡಿಮೆ, ಕೆಲಸ ಹುಡುಕ್ತಿದ್ದೀನಿ’ ಅಂತ ಒಂದು ಸಾಲು ಹಾಕಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗಡಿಯಾರ ಬೇರೆಯಿರುವ ಊರುಗಳ ಗೆಳೆಯರು ನಾವು ಬೆಳಗ್ಗೆ ಏಳುವಷ್ಟರಲ್ಲಿ ‘ಏನಾಯ್ತು?’ ಅಂತ ಕೇಳಿರುತ್ತಾರೆ, ಆ ಸುಖವೂ ಉಳಿಯುತ್ತದೆ.

ನಾನು ಎಡವಿದ್ದು ಕಮೆಂಟಿನಲ್ಲಿ. ಗೆಳತಿಯೊಬ್ಬಳ ಬೀಗ ಹಾಕಿದ ಬರಹದ ಕೆಳಗೆ ಒಂದು ಸಂದರ್ಶನದ ಕಥೆ ಹೇಳಿದ್ದೆ, ಸಂಬಳ ಕೇಳುವಾಗ ಮ್ಯಾನೇಜರ್ ಮೀಸೆ ತಿರುವಿದ್ದನ್ನೂ ಸೇರಿಸಿ. ಕಮೆಂಟಿಗೆ ಸ್ವಂತ ಬೀಗ ಇರುವುದಿಲ್ಲ, ಬರಹದ ಬೀಗವೇ ಅದಕ್ಕೂ. ಎರಡು ವರ್ಷದ ಮೇಲೆ ಅವಳು ಹಳೆಯ ಬರಹಗಳನ್ನೆಲ್ಲ ಎಲ್ಲರಿಗೂ ತೆರೆದಳು. ಮೀಸೆಯೂ ಹೊರಬಂತು. ನನ್ನ ಕಮೆಂಟನ್ನು ನಾನು ಅಳಿಸಿದೆ. ಅದರ ಕೆಳಗೆ ಅವಳು ಬರೆದಿದ್ದ ಉತ್ತರ ಉಳಿದುಕೊಂಡಿತ್ತು: ‘ಅಯ್ಯೋ, ಎರಡೂ ಕೈಯಲ್ಲಾ?’